ಕಿವಿಯ ಕೆಲಾಯ್ಡ್ ತೆಗೆಸಿದ ಮೇಲೂ ಮರಳಿ ಬೆಳೆದಿದೆ: ಲೇಸರ್ ಮಾಡಿಸಬಹುದೇ?

ದಾವಣಗೆರೆಯ ತಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 23 ವರ್ಷ. ಎರಡು ವರ್ಷಗಳ ಹಿಂದೆ ಅವಳು ಗೆಳತಿಯರ ಜೊತೆ ಪೇಟೆಗೆ ಹೋದವಳು ಬಲಗಿವಿಯ ಮೇಲ್ಭಾಗದಲ್ಲಿ, ನಮ್ಮ ಅಜ್ಜಿಯರು ಬುಗುಡಿ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿ, ಅಂಗಡಿಯೊಂದರಲ್ಲಿ ಗನ್ನಿನಿಂದ ಚುಚ್ಚಿಸಿಕೊಂಡು ಬಂದಳು. ವಾರದೊಳಗೆ ಕೀವಾಯಿತು, ಮಾತ್ರೆ ನುಂಗಿದ ಮೇಲೆ ಕೀವು ನಿಂತಿತು, ಆದರೆ ನಾಲ್ಕು ತಿಂಗಳಾಗುವಷ್ಟರಲ್ಲಿ ರಂಧ್ರದ ಹಿಂಬದಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡ, ಹೊಳೆಯುವ ಗಟ್ಟಿ ಗಂಟು ಎದ್ದಿತು. ಕಳೆದ ವರ್ಷ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದು ಹೊಲಿಗೆ ಹಾಕಿದರು. ಹೊಲಿಗೆ ಬಿಚ್ಚಿದ ದಿನ "ಇನ್ನು ಬರಬೇಕಾಗಿಲ್ಲ" ಎಂದು ಹೇಳಿ ಕಳುಹಿಸಿದರು. ಐದೇ ತಿಂಗಳಲ್ಲಿ ಗಂಟು ಮತ್ತೆ ಬಂದಿತು, ಈ ಬಾರಿ ಮೊದಲಿನದಕ್ಕಿಂತ ಎರಡು ಪಟ್ಟು ದೊಡ್ಡದಾಗಿ. ರಾತ್ರಿ ತುರಿಕೆಯಿಂದ ಎಚ್ಚರವಾಗುತ್ತದೆ, ಬಲ ಮಗ್ಗುಲಿಗೆ ತಿರುಗಿ ಮಲಗಲು ಆಗುವುದಿಲ್ಲ, ಕೂದಲನ್ನು ಯಾವಾಗಲೂ ಕಿವಿಯ ಮೇಲೆ ಬರುವಂತೆಯೇ ಬಾಚಿಕೊಳ್ಳುತ್ತಾಳೆ.

ಮುಂದಿನ ಮಾಘ ಮಾಸದಲ್ಲಿ ಅವಳ ಮದುವೆ ನಿಶ್ಚಯವಾಗಿದೆ, ಇನ್ನು ಸುಮಾರು ಎಂಟು ತಿಂಗಳಿದೆ. ಈಚೆಗೆ ಒಂದು ಲೇಸರ್ ಕ್ಲಿನಿಕ್ಕಿನವರು ಆರು ಸಿಟ್ಟಿಂಗ್‌ಗಳಲ್ಲಿ ಗಂಟು ಪೂರ್ತಿ ಹೋಗುತ್ತದೆ, ಗುರುತೂ ಉಳಿಯುವುದಿಲ್ಲ ಎಂದು ಹೇಳಿ, ಎಲ್ಲ ಸಿಟ್ಟಿಂಗ್‌ಗಳ ಹಣವನ್ನು ಮೊದಲೇ ಕಟ್ಟಬೇಕೆಂದು ಕೇಳಿದ್ದಾರೆ. ಯಾವ ಲೇಸರ್ ಎಂದು ನಾನು ಕೇಳಿದಾಗ "ವಿದೇಶಿ ಯಂತ್ರ" ಎಂಬ ಉತ್ತರವಷ್ಟೇ ಸಿಕ್ಕಿತು. ನನ್ನ ನಾದಿನಿಗೂ ಎದೆಯ ಮೇಲೆ ಇಂಥದೇ ಉಬ್ಬು ಕಲೆಯಿದ್ದು, ಅದು ಇಪ್ಪತ್ತು ವರ್ಷಗಳಿಂದ ಹೋಗಿಲ್ಲ. ಒಮ್ಮೆ ಆತುರಪಟ್ಟು ಮಗಳಿಗೆ ನೋವು ಕೊಟ್ಟಿದ್ದೇನೆ ಎಂಬ ಸಂಕಟ ನನಗಿದೆ. ಲೇಸರ್ ಮಾಡಿಸಬಹುದೇ, ಬೇರೆ ದಾರಿಗಳೇನಿವೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಚರ್ಮವೈದ್ಯೆ

ನಮಸ್ಕಾರ ಮೇಡಂ. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಹದಿನಾರು ವರ್ಷಗಳಿಂದ ಚರ್ಮರೋಗ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಕಿವಿಯನ್ನು ಕಣ್ಣಾರೆ ನೋಡದೆ, ಗಂಟನ್ನು ಬೆರಳಿನಿಂದ ಒತ್ತಿ ಪರೀಕ್ಷಿಸದೆ ಇದೇ ರೋಗ, ಇದೇ ಮದ್ದು ಎಂದು ಹೇಳುವುದು ಸರಿಯಲ್ಲ. ಆದರೂ ಗಂಟು ಚುಚ್ಚಿದ ಜಾಗವನ್ನು ಮೀರಿ ಬೆಳೆದದ್ದು, ರಾತ್ರಿಯ ತುರಿಕೆ, ಕತ್ತರಿಸಿದ ಮೇಲೆ ಇಮ್ಮಡಿಯಾಗಿ ಮರಳಿದ್ದು, ಸೋದರತ್ತೆಗೂ ಅದೇ ತೊಂದರೆ ಇರುವುದು, ಇವೆಲ್ಲವನ್ನೂ ಸೇರಿಸಿ ನೋಡಿದರೆ ಇದು ಕೆಲಾಯ್ಡ್ ಇರಬಹುದೆಂದೇ ತೋರುತ್ತದೆ.

ಗಾಯ ಮಾಯುವಾಗ ದೇಹವು ಕೊಲಾಜೆನ್ ಎಂಬ ನಾರನ್ನು ಹೆಣೆದು ಬಿರುಕನ್ನು ಮುಚ್ಚುತ್ತದೆ. ಮುಚ್ಚಿದ ಮೇಲೆ ಆ ಕೆಲಸ ನಿಲ್ಲಬೇಕು. ಕೆಲವರ ಚರ್ಮದಲ್ಲಿ ಅದು ನಿಲ್ಲುವುದಿಲ್ಲ. ಉಬ್ಬಿದ ಕಲೆ ಗಾಯದ ಗಡಿಯೊಳಗೇ ಉಳಿದಿದ್ದರೆ ನಾವು ಅದನ್ನು ಹೈಪರ್‌ಟ್ರೋಫಿಕ್ ಕಲೆ ಎನ್ನುತ್ತೇವೆ, ಅದು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ತಗ್ಗುವ ಸಾಧ್ಯತೆ ಇರುತ್ತದೆ. ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮದ ಮೇಲೂ ಹಬ್ಬಿದರೆ ಅದು ಕೆಲಾಯ್ಡ್, ಅದು ತಾನಾಗಿ ತಗ್ಗುವುದು ಬಹಳ ಅಪರೂಪ. ಏಡಿ ತನ್ನ ಇಕ್ಕಳವನ್ನು ಚಾಚಿದಂತೆ ಪಕ್ಕಕ್ಕೆ ಚಾಚಿಕೊಳ್ಳುವುದನ್ನು ಕಂಡೇ ಫ್ರಾನ್ಸಿನ ವೈದ್ಯ ಅಲಿಬೇರ್ ಅವರು 19ನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಆ ಅರ್ಥದ ಗ್ರೀಕ್ ಮೂಲದ ಹೆಸರನ್ನು ಕೊಟ್ಟರು. ಕಿವಿ, ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ, ದವಡೆಯ ಅಂಚು ಇದಕ್ಕೆ ಪ್ರಿಯವಾದ ಜಾಗಗಳು. ಹುಟ್ಟಿದ ಮಗುವಿನ ಎಡತೋಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯ ಗುರುತಿನ ಮೇಲೂ ಕೆಲವರಿಗೆ ಬೆಳೆಯುತ್ತದೆ. ಹತ್ತರಿಂದ ಮೂವತ್ತು ವರ್ಷದೊಳಗಿನವರಲ್ಲಿ, ನಮ್ಮಂತೆ ಕಪ್ಪು ಅಥವಾ ಗೋಧಿ ಬಣ್ಣದವರಲ್ಲಿ, ಮನೆತನದಲ್ಲಿ ಈಗಾಗಲೇ ಇರುವವರಲ್ಲಿ ಇದು ಹೆಚ್ಚು. ಆದ್ದರಿಂದ ಮಗಳ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ.

ತಪ್ಪಾದದ್ದು ಒಂದು ಕಡೆ ಮಾತ್ರ, ಅದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಕೆಲಾಯ್ಡನ್ನು ಕತ್ತರಿಸಿ ತೆಗೆದು, ಅನಂತರ ಯಾವ ಚಿಕಿತ್ಸೆಯನ್ನೂ ಕೊಡದೆ ಬಿಟ್ಟರೆ ಅದು ಮರುಕಳಿಸುವ ಪ್ರಮಾಣ ಶೇಕಡಾ 45ರಿಂದ 100ರವರೆಗೆ ಎಂದು ವೈದ್ಯಕೀಯ ಬರಹಗಳು ದಶಕಗಳಿಂದ ಹೇಳುತ್ತ ಬಂದಿವೆ. ಕತ್ತರಿಸುವುದೆಂದರೆ ಹೊಸ ಗಾಯ ಮಾಡುವುದೇ ಅಲ್ಲವೇ? ಹೊಲಿಗೆ ಬಿಚ್ಚಿದ ದಿನವೇ ನಿಜವಾದ ಚಿಕಿತ್ಸೆ ಆರಂಭವಾಗಬೇಕಿತ್ತು, ಅಂದೇ ಅದನ್ನು ಮುಗಿಸಿಬಿಟ್ಟರು.

ಇನ್ನು ಲೇಸರ್ ವಿಷಯ. ಲೇಸರ್ ಎಂಬುದು ಒಂದು ಯಂತ್ರದ ಹೆಸರಲ್ಲ, ಬೇರೆ ಬೇರೆ ಕೆಲಸ ಮಾಡುವ ಹಲವು ಯಂತ್ರಗಳಿಗೆ ಇರುವ ಒಟ್ಟು ಹೆಸರು. 585 ಅಥವಾ 595 ನ್ಯಾನೊಮೀಟರ್ ಅಲೆಯುದ್ದದ ಪಲ್ಸ್ಡ್ ಡೈ ಲೇಸರ್ ಕಲೆಯೊಳಗಿನ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ. ಕೆಂಪು ಮತ್ತು ತುರಿಕೆ ಕಡಿಮೆಯಾಗುತ್ತವೆ, ಹೊಸ ಕಲೆ ಸ್ವಲ್ಪ ಮೆತ್ತಗಾಗುತ್ತದೆ. ಆದರೆ ಅದೇ ಬೆಳಕನ್ನು ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಕೂಡ ಹೀರಿಕೊಳ್ಳುವುದರಿಂದ, ನಮ್ಮ ಮೈಬಣ್ಣದವರಲ್ಲಿ ಅದರ ಶಕ್ತಿ ಮೇಲೆಯೇ ಸೋರಿಹೋಗುತ್ತದೆ, ಸುಟ್ಟ ಕಪ್ಪು ಕಲೆಯಾಗುವ ಭಯವೂ ಇರುತ್ತದೆ. 1064 ನ್ಯಾನೊಮೀಟರಿನ ಎನ್‌ಡಿ ಯಾಗ್ ಲೇಸರ್ ಇನ್ನೂ ಆಳಕ್ಕೆ ಇಳಿಯುತ್ತದೆ, ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ, ಹಾಗಾಗಿ ಕಪ್ಪು ಚರ್ಮಕ್ಕೆ ಅದು ಹೆಚ್ಚು ಸುರಕ್ಷಿತ. ಆದರೆ ದಪ್ಪನೆಯ ಗಂಟನ್ನು ಅದೊಂದೇ ಕರಗಿಸುವುದಿಲ್ಲ. ಮೂರನೆಯದು 10,600 ನ್ಯಾನೊಮೀಟರಿನ ಕಾರ್ಬನ್ ಡೈ ಆಕ್ಸೈಡ್ ಲೇಸರ್. ಇದು ಅಂಗಾಂಶದಲ್ಲಿರುವ ನೀರನ್ನು ಆವಿಯಾಗಿಸಿ ಗಂಟನ್ನು ಕೆತ್ತಿ ತೆಗೆಯುತ್ತದೆ. ನಮ್ಮ ಊರುಗಳ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಇದೇ. ಕೆಲಾಯ್ಡಿನ ಮಟ್ಟಿಗೆ ಇದು ಬೆಳಕಿನ ಕತ್ತಿ ಅಷ್ಟೇ. ಚಾಕುವಿನಿಂದ ಕತ್ತರಿಸಿದರೆ ಹೇಗೆ ಮರಳುತ್ತದೆಯೋ ಇದರಿಂದ ಕೆತ್ತಿದರೂ ಹೆಚ್ಚು ಕಡಿಮೆ ಹಾಗೆಯೇ ಮರಳುತ್ತದೆ. ಇದೇ ಲೇಸರನ್ನು ಫ್ರಾಕ್ಷನಲ್ ವಿಧಾನದಲ್ಲಿ, ಅಂದರೆ ಜರಡಿಯ ಕಣ್ಣುಗಳಂತೆ ಸಣ್ಣ ಸಣ್ಣ ರಂಧ್ರಗಳನ್ನು ಮಾತ್ರ ಕೊರೆಯುವಂತೆ ಬಳಸಿ, ಆ ರಂಧ್ರಗಳ ಮೂಲಕ ಸ್ಟೆರಾಯ್ಡ್ ಔಷಧವನ್ನು ಒಳಗಿಳಿಸುವ ಪದ್ಧತಿಯೊಂದಿದೆ. ಅದು ಉಪಯುಕ್ತವೇ, ಆದರೆ ಅಲ್ಲಿಯೂ ಮುಖ್ಯ ಕೆಲಸ ಮಾಡುವುದು ಔಷಧ. ಲೇಸರ್ ಅದಕ್ಕೆ ದಾರಿ ಮಾಡಿಕೊಡುತ್ತದೆ.

ಆದ್ದರಿಂದ ಯಾವ ಲೇಸರ್, ಎಷ್ಟು ಅಲೆಯುದ್ದದ್ದು, ಅದನ್ನು ಹಿಡಿಯುವವರು ನೋಂದಾಯಿತ ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನ್ನರೋ ಅಥವಾ ತರಬೇತಿ ಪಡೆದ ಸಹಾಯಕರೋ, ಲೇಸರಿನ ಜೊತೆ ಇಂಜೆಕ್ಷನ್ ಕೊಡುತ್ತಾರೋ ಇಲ್ಲವೋ, ಎಷ್ಟು ತಿಂಗಳು ನಿಗಾ ಇಡುತ್ತಾರೆ ಎಂಬುದನ್ನು ಕೇಳಿ. ಇವಕ್ಕೆ ಉತ್ತರ ಸಿಗದ ಕಡೆ ಹಣ ಕಟ್ಟಬೇಡಿ. ಕೆಲಾಯ್ಡ್ ಗುರುತೂ ಉಳಿಯದಂತೆ ಹೋಗುತ್ತದೆ ಎಂದು ಬರೆದುಕೊಡಬಲ್ಲ ಚಿಕಿತ್ಸೆ ಇಂದಿಗೂ ಇಲ್ಲ.

ಮೊದಲ ಹೆಜ್ಜೆಯಾಗಿ ನಾವು ಕೊಡುವುದು ಟ್ರಯಾಮ್‌ಸಿನೊಲೋನ್ ಎಂಬ ಸ್ಟೆರಾಯ್ಡ್ ಇಂಜೆಕ್ಷನ್, ಗಂಟಿನ ಒಳಗೇ. ಒಂದು ಮಿಲಿಲೀಟರಿನಲ್ಲಿ 10ರಿಂದ 40 ಮಿಲಿಗ್ರಾಂ ಔಷಧವಿರುವಂತೆ, ಗಂಟಿನ ಗಟ್ಟಿತನವನ್ನು ನೋಡಿ, ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುತ್ತೇವೆ. ಅದರಿಂದ ಮಣಿಯದ ಗಂಟಿಗೆ 5-ಫ್ಲೋರೋಯುರಾಸಿಲ್ ಎಂಬ ಔಷಧವನ್ನು ಬೆರೆಸುತ್ತೇವೆ. ಮದುವೆಯಾಗಲಿರುವ ಹುಡುಗಿಯಾದ್ದರಿಂದ ಒಂದು ಎಚ್ಚರಿಕೆ, ಗರ್ಭಿಣಿಯರಿಗೆ ಈ ಎರಡನೆಯ ಔಷಧವನ್ನು ಕೊಡುವಂತಿಲ್ಲ. ಇಂಜೆಕ್ಷನ್ನಿನ ಜೊತೆಗೆ ದ್ರವ ಸಾರಜನಕದಿಂದ ಗಂಟನ್ನು ಹೆಪ್ಪುಗಟ್ಟಿಸುವ ಕ್ರಯೋಥೆರಪಿಯನ್ನೂ ಮಾಡುವುದುಂಟು. ಬಣ್ಣ ಕೊಡುವ ಜೀವಕೋಶಗಳು ಚಳಿಗೆ ಬೇಗ ಸಾಯುವುದರಿಂದ ಆ ಜಾಗ ಬೆಳ್ಳಗಾಗಬಹುದು. ಕಿವಿಯ ಹಿಂಬದಿಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಮತ್ತೆ ಶಸ್ತ್ರಕ್ರಿಯೆ ಬೇಕೇ ಬೇಕು ಎಂದಾದರೆ, ಅದನ್ನು ಹಿಂದುಮುಂದಿನ ಯೋಜನೆಯೊಡನೆ ಮಾಡಬೇಕು. ತೆಗೆದ ದಿನವೇ ಅಥವಾ ಹೊಲಿಗೆ ಬಿಚ್ಚುವಾಗ ಇಂಜೆಕ್ಷನ್ ಆರಂಭಿಸುವುದು, ಕಿವಿಗೆ ಒತ್ತಡದ ಕ್ಲಿಪ್ ಹಾಕುವುದು, ಇಲ್ಲವೇ ಶಸ್ತ್ರಕ್ರಿಯೆಯಾದ 24ರಿಂದ 48 ಗಂಟೆಯೊಳಗೆ ರೇಡಿಯೇಷನ್ ಆರಂಭಿಸಿ ಕೆಲವು ದಿನಗಳಲ್ಲಿ ಮುಗಿಸುವುದು. ರೇಡಿಯೇಷನ್ ಎಂದ ಕೂಡಲೇ ಕ್ಯಾನ್ಸರ್ ನೆನಪಾಗುತ್ತದೆ, ನನಗೆ ಗೊತ್ತು. ಇಲ್ಲಿ ಬಳಸುವುದು ಚರ್ಮದ ಮೇಲ್ಪದರಕ್ಕಷ್ಟೇ ತಲುಪುವ ಸಣ್ಣ ಪ್ರಮಾಣ. ಆದರೂ ಮಕ್ಕಳಿಗೆ ನಾವು ಅದನ್ನು ಕೊಡುವುದಿಲ್ಲ, ಥೈರಾಯ್ಡ್ ಮತ್ತು ಸ್ತನದ ಸಮೀಪದಲ್ಲಿ ಬಹಳ ಯೋಚಿಸುತ್ತೇವೆ. ಹಟಮಾರಿ ಕೆಲಾಯ್ಡುಗಳಲ್ಲಿ ಮರುಕಳಿಕೆಯನ್ನು ತಡೆಯುವುದರಲ್ಲಿ ಅದಕ್ಕಿರುವಷ್ಟು ಬಲ ಬೇರೆ ಯಾವುದಕ್ಕೂ ಇಲ್ಲ.

ಇನ್ನೊಂದು ಮಾತು. ಕಳೆದ ವರ್ಷ ತೆಗೆದ ಗಂಟನ್ನು ಬಯಾಪ್ಸಿಗೆ ಕಳುಹಿಸಿದ್ದರೇ ಎಂದು ವಿಚಾರಿಸಿ, ವರದಿಯಿದ್ದರೆ ಮುಂದಿನ ವೈದ್ಯರಿಗೆ ತೋರಿಸಿ. ಕೆಲಾಯ್ಡಿನಂತೆಯೇ ಕಾಣುವ ಬೇರೆ ಗಡ್ಡೆಗಳು, ಅಪರೂಪಕ್ಕೆ ಚರ್ಮದ ಕ್ಯಾನ್ಸರಿನ ಒಂದು ಬಗೆಯೂ ಇರುವುದರಿಂದ, ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸದೆ ಎಸೆಯಬಾರದು.

ಮಲೆನಾಡಿಗ

ಅಕ್ಕ, ನಾನು ವೈದ್ಯನಲ್ಲ, ಹನ್ನೆರಡು ವರ್ಷಗಳಿಂದ ಎದೆಯ ಮೇಲೆ ಕೆಲಾಯ್ಡ್ ಹೊತ್ತು ತಿರುಗಿದವನು. ಡಾಕ್ಟರ್ ಅವರು ಹೇಳಿದ ಒಂದೊಂದು ಮಾತೂ ನನ್ನ ಮೈಮೇಲೆಯೇ ನಡೆದು ಹೋಗಿರುವುದರಿಂದ ಬರೆಯುತ್ತಿದ್ದೇನೆ.

ನನ್ನದು ಆರಂಭವಾದದ್ದು ಒಂದು ಮೊಡವೆಯಿಂದ. ಎದೆಯ ನಡುವಿನ ಮೊಡವೆಯನ್ನು ಚಿವುಟಿದೆ, ಅದು ಮಾಯ್ದು ಬಟಾಣಿಯಷ್ಟಾಯಿತು, ಆಮೇಲೆ ಎರಡೂ ಬದಿಗೆ ಚಿಟ್ಟೆಯ ರೆಕ್ಕೆಯಂತೆ ಹರಡುತ್ತ ಹೋಯಿತು. ಅಂಗಿಯ ಎರಡನೆಯ ಗುಂಡಿ ಸರಿಯಾಗಿ ಅದರ ಮೇಲೆಯೇ ಬರುತ್ತಿತ್ತು. ಬಸ್ಸಿನಲ್ಲಿ ಬೆವರಿದಾಗ ಗುಂಡಿ ಉಜ್ಜಿ ಉರಿಯುತ್ತಿದ್ದುದರಿಂದ ಆ ಗುಂಡಿಯನ್ನೇ ಕಿತ್ತು, ಪಕ್ಕಕ್ಕೆ ಒಂದು ಪ್ರೆಸ್ ಬಟನ್ ಹೊಲಿಸಿಕೊಂಡಿದ್ದೆ. ಪರಿಚಯದವರು ಹೇಳಿದ್ದನ್ನು ಕೇಳಿ ಚರ್ಮ ಸುಡುವ ಲೇಪವೊಂದನ್ನು ಹಚ್ಚಿ ಹುಣ್ಣು ಮಾಡಿಕೊಂಡೆ. ಹುಣ್ಣು ಮಾಯ್ದ ಜಾಗವೆಲ್ಲ ಮತ್ತೆ ಕೆಲಾಯ್ಡ್ ಆಯಿತು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ಲೇಸರಿನಿಂದ ಕೆತ್ತಿಸಿದೆ. ಮೂರು ತಿಂಗಳು ಎದೆ ಸಪಾಟಾಗಿತ್ತು, ನಾನು ಊರಿನವರಿಗೆಲ್ಲ ಅಂಗಿ ಬಿಚ್ಚಿ ತೋರಿಸಿದ್ದೇ ತೋರಿಸಿದ್ದು. ನಾಲ್ಕನೆಯ ತಿಂಗಳಲ್ಲಿ ಅಂಚಿನಲ್ಲಿ ತುರಿಕೆ ಶುರುವಾಯಿತು, ವರ್ಷ ತುಂಬುವಷ್ಟರಲ್ಲಿ ಮೊದಲಿಗಿಂತ ಅಗಲವಾಗಿತ್ತು. ಲೇಸರ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದರ ಹಿಂದೆ ಮಾಡಬೇಕಾದದ್ದನ್ನು ಯಾರೂ ಮಾಡಲಿಲ್ಲ.

ಕೊನೆಗೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದೆ. ಇಂಜೆಕ್ಷನ್ನಿನ ವಿಷಯದಲ್ಲಿ ನಿಮ್ಮ ಮಗಳಿಗೆ ಮೊದಲೇ ಹೇಳಿಡಿ: ನೋಯುತ್ತದೆ, ಮೊದಲ ಎರಡು ಸಲ ಚೆನ್ನಾಗಿಯೇ ನೋಯುತ್ತದೆ. ಗಂಟು ಗಟ್ಟಿಯಾಗಿರುವುದರಿಂದ ಹಳೆಯ ರಬ್ಬರಿಗೆ ಸೂಜಿ ಚುಚ್ಚಿದಂತಾಗುತ್ತದೆ, ಔಷಧ ಒಳಗೆ ಇಳಿಯುವುದೇ ಇಲ್ಲ. ನನಗೆ ಕೊಡುವಾಗ ಸಿರಿಂಜನ್ನು ಒತ್ತುತ್ತಿದ್ದ ಡಾಕ್ಟರ್ ಅವರ ಹೆಬ್ಬೆರಳಿನ ಉಗುರು ಬೆಳ್ಳಗಾಗುವುದನ್ನು ನಾನು ನೋಡುತ್ತಿದ್ದೆ. ಒಮ್ಮೆ ಒತ್ತಡಕ್ಕೆ ಸೂಜಿ ಕಳಚಿ ಔಷಧವೆಲ್ಲ ಅವರ ಕನ್ನಡಕದ ಮೇಲೆ ಚಿಮ್ಮಿತು. ಮುಂದಿನ ಸಲದಿಂದ ಸೂಜಿಯನ್ನು ತಿರುಗಿಸಿ ಬಿಗಿಯುವ ಸಿರಿಂಜು ತಂದರು. ಮೂರನೆಯ ಸಲದಿಂದ ಗಂಟು ಮೆತ್ತಗಾಗುತ್ತದೆ, ಔಷಧ ಸುಲಭವಾಗಿ ಇಳಿದು ಗಂಟಿನ ಮೇಲ್ಮೈ ಬಿಳಿಚಿಕೊಳ್ಳುತ್ತದೆ, ನೋವೂ ಕಡಿಮೆಯಾಗುತ್ತದೆ. ಮರಗಟ್ಟಿಸುವ ಮುಲಾಮನ್ನು ಒಂದು ಗಂಟೆ ಮೊದಲು ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಹೋದರೆ ಸೂಜಿ ಚುಚ್ಚುವ ನೋವು ಸ್ವಲ್ಪ ತಗ್ಗುತ್ತದೆ.

ತಿಂಗಳಿಗೊಮ್ಮೆ ಎಂಟು ಸಲ ಇಂಜೆಕ್ಷನ್, ನಡುವೆ ನಾಲ್ಕು ಸಲ ಕ್ರಯೋ ಮಾಡಿದರು. ಕ್ರಯೋ ಮಾಡಿದ ರಾತ್ರಿ ನೀರುಗುಳ್ಳೆ ಏಳುತ್ತದೆ, ಒಡೆಯಬಾರದು. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಇಂಜೆಕ್ಷನ್ ಆದ ನಾಲ್ಕೈದು ದಿನ ಸಕ್ಕರೆ ಏರುತ್ತಿತ್ತು. ಇದನ್ನು ಮೊದಲೇ ಹೇಳಿದ್ದರಿಂದ ಮಾತ್ರೆ ಹೊಂದಿಸಿಕೊಟ್ಟರು. ಈಗ ಎದೆ ಸಪಾಟಾಗಿದೆ. ಗುರುತು ಇದೆ, ನಡುವೆ ಬಿಳಿಯ ತೇಪೆಗಳಿವೆ, ಬೆರಳಾಡಿಸಿದರೆ ಚರ್ಮ ತೆಳ್ಳಗಿರುವುದು ತಿಳಿಯುತ್ತದೆ. ಆದರೆ ತುರಿಕೆ ಇಲ್ಲ, ನೋವಿಲ್ಲ, ಅಂಗಿಯ ಗುಂಡಿ ತನ್ನ ಜಾಗಕ್ಕೆ ಬಂದಿದೆ. ನನಗೆ ಅಷ್ಟು ಸಾಕಾಗಿತ್ತು.

ಶುಶ್ರೂಷಕಿ, ನಿವೃತ್ತ

ತಾಯಿ, ನಾನು ಸುಟ್ಟಗಾಯದ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು. ವೈದ್ಯರ ಕೋಣೆಯಿಂದ ಹೊರಗೆ ಬಂದ ಮೇಲೆ ಮನೆಯಲ್ಲಿ ಮಾಡಬೇಕಾದ ಕೆಲಸದ ಬಗ್ಗೆ ಯಾರೂ ಸಮಾಧಾನವಾಗಿ ಹೇಳುವುದಿಲ್ಲ, ಹಾಗಾಗಿ ಅದನ್ನಷ್ಟು ಬರೆಯುತ್ತೇನೆ.

ಕಲೆಯನ್ನು ತಗ್ಗಿಸುವುದರಲ್ಲಿ ಒತ್ತಡ ಮತ್ತು ಸಿಲಿಕೋನ್ ಎರಡೂ ಹಳೆಯ, ನಂಬಿಕೆಗೆ ಅರ್ಹವಾದ ಉಪಾಯಗಳು. ಸಿಲಿಕೋನ್ ಹಾಳೆಯನ್ನು ಗಾಯ ಪೂರ್ತಿ ಮುಚ್ಚಿಕೊಂಡ ಮೇಲೆಯೇ ಹಾಕಬೇಕು, ಹಸಿ ಗಾಯದ ಮೇಲೆ ಹಾಕಬಾರದು. ದಿನಕ್ಕೆ ಕನಿಷ್ಠ 12 ಗಂಟೆ, ಎರಡು ಮೂರು ತಿಂಗಳು ಬಿಡದೆ ಹಾಕಿದರೆ ಮಾತ್ರ ಫಲ. ನಮ್ಮ ಬಿಸಿಲಿನಲ್ಲಿ, ಅದರಲ್ಲೂ ನಿಮ್ಮ ದಾವಣಗೆರೆಯ ಏಪ್ರಿಲ್ ತಿಂಗಳಿನಲ್ಲಿ, ಹಾಳೆಯ ಕೆಳಗೆ ಬೆವರಿ ಕೆಂಪು ಗುಳ್ಳೆ ಏಳುವುದು ಸಾಮಾನ್ಯ. ಆದ್ದರಿಂದ ಮೊದಲ ದಿನ ನಾಲ್ಕು ಗಂಟೆಯಿಂದ ಆರಂಭಿಸಿ ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುತ್ತ ಹೋಗಬೇಕು, ಹಾಳೆಯನ್ನು ಪ್ರತಿದಿನ ಸೋಪಿನ ನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸಬೇಕು, ಬಟ್ಟೆಯಿಂದ ಒರೆಸಿದರೆ ಎಳೆ ಅಂಟಿಕೊಂಡು ಅದರ ಅಂಟು ಹೋಗುತ್ತದೆ. ಕಿವಿಯ ಮೇಲಂಚಿನ ತಿರುವಿನಲ್ಲಿ ಹಾಳೆ ನಿಲ್ಲುವುದಿಲ್ಲ. ಅಲ್ಲಿಗೆ ಟ್ಯೂಬಿನಲ್ಲಿ ಬರುವ ಸಿಲಿಕೋನ್ ಜೆಲ್ ಅನುಕೂಲ, ತೆಳ್ಳಗೆ ಹಚ್ಚಿ ಒಣಗಲು ಬಿಡಬೇಕು. ಒಂದು ಸತ್ಯ: ಈಗಾಗಲೇ ದೊಡ್ಡದಾಗಿರುವ ಗಂಟನ್ನು ಸಿಲಿಕೋನ್ ಕರಗಿಸುವುದಿಲ್ಲ. ಗಂಟು ತಗ್ಗಿದ ಮೇಲೆ ಅಥವಾ ತೆಗೆಸಿದ ಮೇಲೆ ಮತ್ತೆ ಏಳದಂತೆ ಕಾಯುವುದು ಅದರ ಕೆಲಸ.

ಒತ್ತಡದ ಕ್ಲಿಪ್ ಓಲೆಯಂತೆಯೇ ಇರುತ್ತದೆ, ಎರಡು ಬಿಲ್ಲೆಗಳ ನಡುವೆ ಕಿವಿಯನ್ನು ಹಿಡಿಯುತ್ತದೆ. ಹಗಲಿಗಿಂತ ರಾತ್ರಿ ಹೆಚ್ಚು ಹೊತ್ತು ಹಾಕಿಕೊಳ್ಳುವುದು ಸುಲಭ. ಬಿಗಿ ಸರಿಯಾಗಿದೆಯೇ ಎಂದು ತಿಳಿಯಲು ನಾವು ನೋಡುತ್ತಿದ್ದುದು ಹೀಗೆ: ಕ್ಲಿಪ್ ತೆಗೆದ ಕೂಡಲೇ ಬಿಳಿಚಿಕೊಂಡ ಚರ್ಮಕ್ಕೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ರಕ್ತ ತುಂಬಿ ಬಣ್ಣ ಬರಬೇಕು. ಬಣ್ಣ ಮರಳಲು ತಡವಾದರೆ, ನೋವು ನಿಲ್ಲದಿದ್ದರೆ, ಕ್ಲಿಪ್ ಅತಿ ಬಿಗಿಯಾಗಿದೆ ಎಂದು ತಿಳಿದು ಸಡಿಲಿಸಬೇಕು. ಇಲ್ಲವಾದರೆ ಅಲ್ಲಿಯೇ ಹುಣ್ಣಾಗಿ, ಆ ಹುಣ್ಣು ಇನ್ನೊಂದು ಕೆಲಾಯ್ಡಿಗೆ ಬೀಜವಾಗುತ್ತದೆ. ಆರು ತಿಂಗಳಿಂದ ಒಂದು ವರ್ಷದವರೆಗೆ ಇದನ್ನು ಬಿಡಬಾರದು.

ಮನೆಯಲ್ಲಿ ವಿಟಮಿನ್ ಇ ಮಾತ್ರೆಯನ್ನು ಒಡೆದು ಹಚ್ಚುವ ರೂಢಿ ಬಹಳ ಕಡೆ ಇದೆ. ಅದರಿಂದ ಕಲೆ ತಗ್ಗುವುದಿಲ್ಲ, ಕೆಲವರಿಗೆ ಅಲರ್ಜಿಯಾಗಿ ಚರ್ಮ ಕೆರಳುತ್ತದೆ. ನಿಂಬೆರಸ, ಸುಣ್ಣ ಇವುಗಳನ್ನಂತೂ ಹತ್ತಿರಕ್ಕೂ ತರಬೇಡಿ.

ಸುಟ್ಟಗಾಯದ ಕಲೆ ಇರುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮ್ಮದು ಬಹುಮಟ್ಟಿಗೆ ಹೈಪರ್‌ಟ್ರೋಫಿಕ್ ಕಲೆ, ಕೆಲಾಯ್ಡಿನ ಲೆಕ್ಕವನ್ನು ಅದಕ್ಕೆ ಹಾಕಬೇಡಿ. ಬಿಗಿ ಹಿಡಿದ, ತುರಿಸುವ ಸುಟ್ಟ ಕಲೆಯನ್ನು ಮೆತ್ತಗಾಗಿಸುವುದರಲ್ಲಿ ಫ್ರಾಕ್ಷನಲ್ ಲೇಸರ್ ನಿಜವಾಗಿಯೂ ನೆರವಾಗುತ್ತದೆ. ಆದರೆ ಬೆರಳೋ ಮೊಣಕೈಯೋ ಮಡಚಿಕೊಂಡು ನಿಂತಿದ್ದರೆ ಲೇಸರಿಗಾಗಿ ಕಾಯಬಾರದು. ಪ್ಲಾಸ್ಟಿಕ್ ಸರ್ಜನ್ನರು ಮೊದಲು ಆ ಬಿಗಿತವನ್ನು ಬಿಡಿಸಬೇಕು, ಫಿಸಿಯೋಥೆರಪಿ ದಿನವೂ ನಡೆಯಬೇಕು.

ಹುಬ್ಬಳ್ಳಿಯ ವಿದ್ಯಾರ್ಥಿ

ಕ್ಷಮಿಸಿ, ವಿಷಯ ಸ್ವಲ್ಪ ಬೇರೆ. ನನ್ನ ಕೆನ್ನೆಯ ಮೇಲೆ ಮೊಡವೆಯ ಗುಳಿಗಳಿವೆ. ಲೇಸರ್ ಕಲೆಯನ್ನು ತೆಗೆಯುವುದಿಲ್ಲ ಎಂದರೆ ನನಗೂ ಪ್ರಯೋಜನವಿಲ್ಲವೇ, ಡಾಕ್ಟರ್?

ಚರ್ಮವೈದ್ಯೆ

ನಿಮ್ಮದು ಇದಕ್ಕೆ ತದ್ವಿರುದ್ಧ. ಅಲ್ಲಿ ಕೊಲಾಜೆನ್ ಹೆಚ್ಚಾಗಿದೆ, ನಿಮಗೆ ಕಡಿಮೆಯಾಗಿ ಗುಳಿಬಿದ್ದಿದೆ. ಹೊಸ ಕೊಲಾಜೆನ್ ಹುಟ್ಟಿಸಲು ಫ್ರಾಕ್ಷನಲ್ ಲೇಸರ್ ಅಥವಾ ಸೂಜಿಗಳಿಂದ ಮಾಡುವ ಮೈಕ್ರೊನೀಡ್ಲಿಂಗ್ ಉಪಯೋಗಕ್ಕೆ ಬರುತ್ತವೆ. ಸೂಜಿಮೊನೆಯಂಥ ಆಳದ ಗುಳಿಗೆ ಅದರೊಳಕ್ಕಷ್ಟೇ ಟ್ರೈಕ್ಲೋರೋ ಅಸಿಟಿಕ್ ಆಮ್ಲವನ್ನು ತಾಗಿಸುವ ವಿಧಾನವಿದೆ, ಕೆಳಗಿನಿಂದ ನಾರು ಹಿಡಿದೆಳೆದ ಗುಳಿಗೆ ಆ ನಾರನ್ನು ಚರ್ಮದಡಿ ಸೂಜಿಯಿಂದ ಬಿಡಿಸುವ ಸಬ್‌ಸಿಷನ್ ಇದೆ. ಮೊದಲು ಮೊಡವೆ ನಿಲ್ಲಬೇಕು. ನಮ್ಮ ಬಣ್ಣದ ಚರ್ಮದಲ್ಲಿ ಲೇಸರಿನ ನಂತರ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯುವುದುಂಟು, ಆದ್ದರಿಂದ ಬೇಸಗೆಯಲ್ಲಿ ಮಾಡಿಸಬೇಡಿ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಎದೆ, ಭುಜ, ದವಡೆಯಲ್ಲಿ ಎಲ್ಲಿಯಾದರೂ ಉಬ್ಬು ಕಲೆ ಇದ್ದರೆ ಯಂತ್ರ ಮುಟ್ಟಿಸುವ ಮೊದಲೇ ಅದನ್ನು ವೈದ್ಯರಿಗೆ ಹೇಳಿ.

ದಾವಣಗೆರೆಯ ತಾಯಿ

ಇಷ್ಟು ವಿವರವಾಗಿ ಬರೆದ ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ. ಲೇಸರ್ ಕ್ಲಿನಿಕ್ಕಿಗೆ ಫೋನ್ ಮಾಡಿ ಡಾಕ್ಟರ್ ಅವರು ಬರೆದ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ಮೂರನೆಯ ಪ್ರಶ್ನೆಗೆ "ನಂತರ ತಿಳಿಸುತ್ತೇವೆ" ಎಂದು ಇಟ್ಟುಬಿಟ್ಟರು. ಹಣ ಕಟ್ಟಿಲ್ಲ. ಆದರೆ ಸ್ಟೆರಾಯ್ಡ್ ಎಂಬ ಹೆಸರು ಕೇಳಿಯೇ ಮನೆಯವರು ಹೆದರಿದ್ದಾರೆ. ಮುಖ ಊದಿಕೊಳ್ಳುತ್ತದೆ, ಮುಂದೆ ಮಕ್ಕಳಾಗಲು ತೊಂದರೆಯಾಗುತ್ತದೆ ಎಂದೆಲ್ಲ ನನ್ನ ಅತ್ತೆಯವರು ಹೇಳುತ್ತಿದ್ದಾರೆ. ಎಂಟು ತಿಂಗಳಲ್ಲಿ ಮುಗಿಯುತ್ತದೆಯೇ ಎಂಬುದೂ ಒಂದು ಚಿಂತೆ.

ಚರ್ಮವೈದ್ಯೆ

ಅತ್ತೆಯವರ ಭಯ ಸಹಜ ಮೇಡಂ. ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿ ಮುಖ ಊದಿಕೊಂಡವರನ್ನು ಅವರು ನೋಡಿರಬಹುದು. ಇಲ್ಲಿನ ಲೆಕ್ಕ ಬೇರೆ. ಕಿವಿಯ ಒಂದು ಗಂಟಿಗೆ ಒಮ್ಮೆಗೆ ಹಿಡಿಸುವುದು ಸುಮಾರು 0.3 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಅತಿ ಗಟ್ಟಿಯಾದ 40 ಮಿಲಿಗ್ರಾಂ ಶಕ್ತಿಯ ಔಷಧವನ್ನೇ ಬಳಸಿದರೂ ಅದು 12 ಮಿಲಿಗ್ರಾಂ, ತಿಂಗಳಿಗೆ ಒಂದೇ ಸಲ. ಅದರ ಬಹುಪಾಲು ಕೆಲಸ ಗಂಟಿನೊಳಗೇ ನಡೆಯುತ್ತದೆ. ಮುಖ ಊದುವ ಮಟ್ಟಿಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಕೆಲವು ಹೆಣ್ಣುಮಕ್ಕಳಿಗೆ ಒಂದೆರಡು ತಿಂಗಳು ಮುಟ್ಟು ಹಿಂದುಮುಂದಾಗಬಹುದು. ಅದು ತಾನಾಗಿ ಸರಿಹೋಗುತ್ತದೆ, ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಔಷಧ ಗಂಟಿನಿಂದ ಆಚೆಗೆ, ಪಕ್ಕದ ಚರ್ಮದ ಅಡಿಗೆ ಸೋರಿದರೆ ಅಲ್ಲಿ ಗುಳಿ ಬೀಳಬಹುದು, ಬಣ್ಣ ಮಾಸಬಹುದು, ಸಣ್ಣ ರಕ್ತನಾಳಗಳು ಕಾಣಿಸಿಕೊಳ್ಳಬಹುದು. ಪಳಗಿದ ಕೈ ಬೇಕೆನ್ನುವುದು ಅದಕ್ಕೇ.

ಎಂಟು ತಿಂಗಳು ಕಡಿಮೆಯೇನಲ್ಲ. ನಾಲ್ಕೈದು ಇಂಜೆಕ್ಷನ್ ಆಗುವಷ್ಟರಲ್ಲಿ ತುರಿಕೆ ನಿಂತು ಗಂಟು ಗಮನಾರ್ಹವಾಗಿ ತಗ್ಗುವುದನ್ನು ನಾನು ಬಹಳ ಮಂದಿಯಲ್ಲಿ ನೋಡಿದ್ದೇನೆ. ತಗ್ಗದಿದ್ದರೆ ಶಸ್ತ್ರಕ್ರಿಯೆಯ ಯೋಚನೆಯನ್ನು ಮದುವೆಯಾದ ಮೇಲೆ ಮಾಡಿ, ರೇಡಿಯೇಷನ್ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಎರಡೂ ವಿಭಾಗದವರು ಒಟ್ಟಿಗೆ ದಿನ ಗೊತ್ತುಮಾಡಿದ ಮೇಲೆಯೇ ಮಾಡಿಸಿ. ಮುಹೂರ್ತಕ್ಕೆ ಸರಿಯಾಗಿ ಕಿವಿ ಚೆನ್ನಾಗಿ ಕಾಣಲಿ ಎಂದು ಒಂದು ತಿಂಗಳ ಮೊದಲು ಕತ್ತರಿಸಿದರೆ ಮದುವೆಯ ಫೋಟೋದಲ್ಲಿ ಚೆನ್ನಾಗಿ ಕಂಡೀತು, ಮೊದಲ ದೀಪಾವಳಿಗೆ ಗಂಟು ಮರಳಿ ಬಂದೀತು. ಗಂಟು ಸಪಾಟಾದ ಮೇಲೂ ಎರಡು ವರ್ಷ ಆಗಾಗ ತೋರಿಸುತ್ತಿರಬೇಕು. ಅಂಚಿನಲ್ಲಿ ತುರಿಕೆ ಮತ್ತೆ ಶುರುವಾದರೆ ಮುಂದಿನ ತಾರೀಖಿಗೆ ಕಾಯದೆ ಬರಬೇಕು, ಆ ಹಂತದಲ್ಲಿ ಅದನ್ನು ತಡೆಯುವುದು ಸುಲಭ.

ಪ್ರತಿ ಸಲವೂ ಒಂದೇ ಬೆಳಕಿನಲ್ಲಿ, ಕಿವಿಯ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆದಿಡಿ. ನಿತ್ಯವೂ ಕನ್ನಡಿ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಎರಡನೆಯ ತಿಂಗಳಿಗೇ ಬೇಸತ್ತು ಬಿಟ್ಟುಬಿಡುತ್ತಾರೆ. ಮಗಳಿಗೆ ಇನ್ನು ಮುಂದೆ ಎಲ್ಲಿಯೂ ಚುಚ್ಚಿಸುವುದು, ಹಚ್ಚೆ ಹಾಕಿಸುವುದು ಬೇಡ. ಮದುವೆಗೆ ಮೂಗುಬೊಟ್ಟು ಬೇಕೆಂದು ಯಾರಾದರೂ ಒತ್ತಾಯಿಸಿದರೆ ಒತ್ತಿ ಹಿಡಿಯುವಂಥದ್ದು ಸಿಗುತ್ತದೆ, ಅದನ್ನು ಇಡಿಸಿ.

ದಾವಣಗೆರೆಯ ತಾಯಿ (ನಾಲ್ಕು ತಿಂಗಳ ನಂತರ)

ಹಿಂದಿನ ಮಾತುಗಳನ್ನು ಮುಂದೆ ಯಾರಾದರೂ ಓದಬಹುದೆಂದು ಇದನ್ನು ಬರೆಯುತ್ತಿದ್ದೇನೆ. ಹಳೆಯ ಆಸ್ಪತ್ರೆಯಲ್ಲಿ ಕೇಳಿದಾಗ ಗಂಟನ್ನು ಬಯಾಪ್ಸಿಗೆ ಕಳುಹಿಸಿರಲಿಲ್ಲವೆಂದು ತಿಳಿಯಿತು. ಆದ್ದರಿಂದ ಈಗಿನ ವೈದ್ಯರು ಎರಡು ಸಲ ಚೆನ್ನಾಗಿ ಪರೀಕ್ಷಿಸಿ, ಕೆಲಾಯ್ಡೇ ಎಂದು ಖಚಿತಪಡಿಸಿಕೊಂಡು ಚಿಕಿತ್ಸೆ ಆರಂಭಿಸಿದರು. ನಾಲ್ಕು ಇಂಜೆಕ್ಷನ್ ಆಗಿವೆ. ಮೊದಲ ದಿನ ನನ್ನ ಕೈಯನ್ನು ಉಗುರು ನೆಡುವಂತೆ ಹಿಡಿದುಕೊಂಡಿದ್ದ ಮಗಳು ನಾಲ್ಕನೆಯ ಸಲ ಒಬ್ಬಳೇ ಒಳಗೆ ಹೋಗಿ ಬಂದಳು. ಎರಡನೆಯ ಇಂಜೆಕ್ಷನ್ ಆದ ಮೇಲೆ ರಾತ್ರಿಯ ತುರಿಕೆ ನಿಂತಿತು. ಮೊದಲ ಫೋಟೋದಲ್ಲಿ ಗಂಟು ನಾಣ್ಯದ ಅರ್ಧಕ್ಕಿಂತ ದೊಡ್ಡದಾಗಿತ್ತು. ನಿನ್ನೆಯ ಫೋಟೋದಲ್ಲಿ ನಾಣ್ಯದ ಮೇಲಿನ ಅಂಕಿಯಷ್ಟಿದೆ, ನಡುವೆ ಮೆತ್ತಗಾಗಿ ಬಿಳಿಚಿಕೊಂಡಿದೆ, ಹಿಂದಿನ ಅಂಚು ಮಾತ್ರ ಇನ್ನೂ ಗಟ್ಟಿಯಾಗಿದೆ. ಆ ಅಂಚಿಗಾಗಿ ಮುಂದಿನ ಸಲ ಎರಡನೆಯ ಔಷಧವನ್ನು ಬೆರೆಸುತ್ತೇವೆ, ಮದುವೆಗೆ ಸಾಕಷ್ಟು ಮೊದಲೇ ಅದನ್ನು ನಿಲ್ಲಿಸುತ್ತೇವೆ ಎಂದು ವೈದ್ಯರು ಹೇಳಿದ್ದಾರೆ. ರಾತ್ರಿ ಕ್ಲಿಪ್ ಹಾಕಿಕೊಂಡು ಮಲಗುತ್ತಾಳೆ. ಮೊನ್ನೆ ಸೀರೆ ತರಲು ಹೋಗುವಾಗ ಕೂದಲನ್ನು ಹಿಂದಕ್ಕೆ ಎತ್ತಿ ಕಟ್ಟಿಕೊಂಡಳು.